ತೋಟಾದೊಳಗಿನ ಮದ್ದು

ಕೋವಿಯ ಮಾತು ಬಂದಾಗ ಸಾಮಾನ್ಯವಾಗಿ ನಮ್ಮ ಗಮನವು ಹೋಗುವುದು ನಳಿಗೆಯ ಕಡೆಗೆ, ಗುಂಡಿನ ಕಡೆಗೆ, ಇಲ್ಲವೆ ಗುರಿಕಾರನ ಕೈಚಳಕದ ಕಡೆಗೆ. ಇವೆಲ್ಲಕ್ಕೂ ಹಿಂದೆ, ಹಿತ್ತಾಳೆಯ ಚಿಪ್ಪಿನೊಳಗೆ ಅಡಗಿ ಕುಳಿತಿರುವ ಎರಡು ಮೂರು ಗ್ರಾಂ ಮದ್ದನ್ನು ಕುರಿತು ಆಲೋಚಿಸುವವರು ವಿರಳ. ಆಲೋಚಿಸಿದವರಲ್ಲಿಯೂ ಅನೇಕರ ಅಭಿಪ್ರಾಯವು ಬಹು ಸರಳವಾದುದು: ಮದ್ದು ಎಷ್ಟು ಬಲವಾಗಿದ್ದರೆ ಅಷ್ಟು ಒಳ್ಳೆಯದು, ಎಂದು. ಈ ಅಭಿಪ್ರಾಯವು ಸರಿಯಲ್ಲ. ಇದು ಸರಿಯಲ್ಲವೆಂಬುದನ್ನು ಅರಿತುಕೊಳ್ಳಲು ಪ್ರಪಂಚವು ಹಲವು ಶತಮಾನಗಳ ಕಾಲವನ್ನೂ ಲೆಕ್ಕವಿಲ್ಲದಷ್ಟು ಪ್ರಾಣಗಳನ್ನೂ ವೆಚ್ಚಮಾಡಬೇಕಾಯಿತು. ಮದ್ದಿನಲ್ಲಿ ಎಷ್ಟು ಬಲವಿದೆ ಎಂಬುದಕ್ಕಿಂತ, ಆ ಬಲವನ್ನು ಅದು ಯಾವ ವೇಗದಿಂದ, ಯಾವ ಕ್ರಮದಿಂದ ಬಿಟ್ಟುಕೊಡುತ್ತದೆ ಎಂಬುದೇ ಮುಖ್ಯ. ಈ ಒಂದು ಮಾತನ್ನು ಕೆಲವು ನಿದರ್ಶನಗಳ ಮೂಲಕ ಶ್ರೋತೃಗಳ ಮುಂದಿಡುವುದು ಈ ಭಾಷಣದ ಉದ್ದೇಶ.

ಮೊದಲು ತೋಟಾದ ರಚನೆಯನ್ನು ನೋಡೋಣ. ರೈಫಲಿನ ತೋಟಾದಲ್ಲಿ ನಾಲ್ಕು ಭಾಗಗಳುಂಟು: ಹಿತ್ತಾಳೆಯ ಚಿಪ್ಪು, ಅದರ ತಳದಲ್ಲಿ ಕೂರಿಸಿರುವ ಕೇಪು, ಒಳಗೆ ತುಂಬಿರುವ ಮದ್ದು, ಬಾಯಿಗೆ ಬಿಗಿದಿರುವ ಗುಂಡು. ಕೋವಿಯನ್ನು ಹಾರಿಸಿದಾಗ ಕೇಪು ಸಿಡಿಯುವುದು, ಮದ್ದು ಉರಿದುಹೋಗುವುದು, ಗುಂಡು ಹಾರಿಹೋಗುವುದು; ಚಿಪ್ಪು ಮಾತ್ರ ಉಳಿಯುವುದು. ಬೆಲೆಯುಳ್ಳ ಈ ಚಿಪ್ಪನ್ನು ಬಿಸಾಡದೆ, ಅದಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡುಗಳನ್ನು ಸೇರಿಸಿ ಪುನಃ ತುಂಬಿಕೊಳ್ಳುವ ರೂಢಿಯು ಅಮೆರಿಕದ ಬೇಟೆಗಾರರಲ್ಲಿಯೂ ಗುರಿಕಾರರಲ್ಲಿಯೂ ೧೯ನೆಯ ಶತಮಾನದಿಂದಲೂ ನಡೆದುಬಂದಿದೆ. ಹಾಗೆ ತುಂಬುವವನಿಗೆ ಗುಂಡಿನ ಆಯ್ಕೆ ಸುಲಭ, ಕೇಪಿನ ಆಯ್ಕೆಯೂ ಹೆಚ್ಚು ಕಡಿಮೆ ಸುಲಭ. ಅವನ ವಿವೇಕವು ಪರೀಕ್ಷೆಗೆ ಒಳಗಾಗುವುದು ಮದ್ದಿನ ಆಯ್ಕೆಯಲ್ಲಿ. ನಮ್ಮ ದೇಶದಲ್ಲಿ ಇದು ಕಾಯಿದೆಗೆ ಒಳಪಟ್ಟ ಕೆಲಸ. ಸರ್ಕಾರದ ಅನುಮತಿಯಿಲ್ಲದೆ ಯಾರೂ ಕೈಹಾಕತಕ್ಕದ್ದಲ್ಲ. ಆದರೆ ತಿಳಿದುಕೊಳ್ಳುವುದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲವಷ್ಟೆ.

ಕೇಪು ಸಿಡಿದ ಕ್ಷಣದಿಂದ ಗುಂಡು ನಳಿಗೆಯ ತುದಿಯನ್ನು ಬಿಡುವವರೆಗೆ ನಡೆಯುವುದೇನು? ಇದೆಲ್ಲಕ್ಕೂ ಹಿಡಿಯುವ ಕಾಲವು ಒಂದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಆ ಅಲ್ಪಾವಧಿಯಲ್ಲಿ ಮದ್ದು ಉರಿದು ಬಿಸಿ ಅನಿಲವಾಗುವುದು. ಆ ಅನಿಲವು ಗುಂಡನ್ನು ನಿಶ್ಚಲ ಸ್ಥಿತಿಯಿಂದ ಸೆಕೆಂಡಿಗೆ ಸುಮಾರು ೮೦೦ ಮೀಟರಿನ ವೇಗಕ್ಕೆ ಏರಿಸುವುದು. ಹಳೆಯ ಉಗಿಬಂಡಿಯ ಬಾಯ್ಲರಿನೊಳಗಿನ ಒತ್ತಡವು ನಮ್ಮ ವಾಯುಮಂಡಲದ ಒತ್ತಡದ ಹನ್ನೆರಡು ಹದಿನಾಲ್ಕು ಮಡಿಯಷ್ಟಿರುತ್ತಿತ್ತು. ರೈಫಲಿನ ನಳಿಗೆಯ ಬುಡದಲ್ಲಿ ಅದು ಮೂರೂವರೆ ಸಾವಿರ ಮಡಿಗೆ ಏರಬಲ್ಲುದು. ಉಕ್ಕಿನ ನಳಿಗೆಗೆ ಇದನ್ನು ತಡೆಯುವ ಶಕ್ತಿಯಿದೆ. ಆದರೆ ಆ ಶಕ್ತಿಗೂ ಒಂದು ಮೇರೆಯುಂಟು.

ಇಲ್ಲಿ ರಥೋತ್ಸವವನ್ನು ನೆನೆಯಬಹುದು. ನಿಂತಿರುವ ದೊಡ್ಡ ತೇರನ್ನು ಎಳೆಯುವಾಗ ಸಾವಿರ ಜನರು ಒಮ್ಮೆಗೇ ಹಗ್ಗವನ್ನು ಜಗ್ಗಿದರೆ ತೇರು ಕದಲುವುದಕ್ಕೆ ಮುಂಚೆ ಹಗ್ಗವೇ ತುಂಡಾದೀತು. ಮೊದಲು ಹದವಾಗಿ ಬಿಗಿದು, ಚಕ್ರ ಕದಲಿದ ಮೇಲೆ ಬಲವನ್ನು ಏರಿಸುತ್ತ, ಅದು ಓಡುವಾಗಲೂ ಹಗ್ಗವು ಸಡಿಲವಾಗದಂತೆ ಎಳೆಯುತ್ತ ಹೋದರೆ ಅದೇ ಜನ, ಅದೇ ಹಗ್ಗ, ತೇರು ಬೀದಿಯ ಕೊನೆಯವರೆಗೆ ಸಾಗುವುದು. ಗುಂಡು ಆ ತೇರು; ಹಗ್ಗದ ತಾಳಿಕೆಯೇ ನಳಿಗೆಯ ತಾಳಿಕೆ; ಎಳೆಯುವವರ ಲಯವೇ ಮದ್ದಿನ ದಹನವೇಗ. ಬೇಗ ಉರಿಯುವ ಮದ್ದು ಗುಂಡು ಕದಲುವಷ್ಟರಲ್ಲಿ ತನ್ನ ಬಲವನ್ನೆಲ್ಲ ಸುರಿದು ನಳಿಗೆಯ ಬುಡವನ್ನು ಒಡೆಯಬಹುದು. ತೀರ ನಿಧಾನವಾಗಿ ಉರಿಯುವ ಮದ್ದು ಗುಂಡು ಹೊರಬಿದ್ದ ಮೇಲೂ ಉರಿಯುತ್ತಿದ್ದು, ನಳಿಗೆಯ ಬಾಯಲ್ಲಿ ಜ್ವಾಲೆಯಾಗಿ ವ್ಯರ್ಥವಾಗುವುದು.

ದಹನವೇಗವನ್ನು ನಿರ್ಣಯಿಸುವುದು ಯಾವುದು? ಬಚ್ಚಲ ಒಲೆಗೆ ಉರಿ ಹಾಕಿದವರೆಲ್ಲರಿಗೂ ಇದರ ಉತ್ತರವು ಅರ್ಧ ತಿಳಿದಿದೆ. ತೆಂಗಿನ ಗರಿಯನ್ನು ಒಡ್ಡಿದರೆ ಭಗ್ಗೆಂದು ಉರಿದು ಆರಿಹೋಗುವುದು. ಹುಣಿಸೆಯ ಕೊರಡು ರಾತ್ರಿಯೆಲ್ಲ ಉರಿಯುವುದು. ಬೆಂಕಿಯು ಹೊರಮೈಯಿಂದ ಒಳಕ್ಕೆ ಪದರ ಪದರವಾಗಿ ನುಗ್ಗುವುದರಿಂದ, ತೂಕವು ಒಂದೇ ಆದರೂ ಹೊರಮೈ ಹೆಚ್ಚಿದ್ದಷ್ಟೂ ಉರಿಯ ರಭಸ ಹೆಚ್ಚು. ಉತ್ತರದ ಉಳಿದರ್ಧವು ಒಲೆಯಲ್ಲಿ ಕಾಣಬರದು. ಮುಚ್ಚಿದ ಕುಹರದಲ್ಲಿ ಒತ್ತಡವು ಏರಿದಂತೆಲ್ಲ ಮದ್ದು ಇನ್ನೂ ವೇಗವಾಗಿ ಉರಿಯುವುದು. ವೇಗವಾಗಿ ಉರಿದಂತೆಲ್ಲ ಒತ್ತಡವು ಇನ್ನೂ ಏರುವುದು. ಕಾರ್ಯವೇ ಕಾರಣವನ್ನು ಬೆಳೆಸುವ ಈ ಚಕ್ರವೇ ಮದ್ದಿನ ಅಪಾಯದ ಮೂಲ. ತೋಟಾ ತುಂಬುವವನ ಸಣ್ಣ ತಪ್ಪು ಸಣ್ಣ ಫಲವನ್ನೇ ಕೊಡುತ್ತದೆಂಬ ಭರವಸೆ ಇಲ್ಲದಿರುವುದು ಈ ಕಾರಣದಿಂದಲೇ.

ಹಿಂದಿನ ಕಾಲದ ಕರಿಮದ್ದಿನಲ್ಲಿ ಪೆಟ್ಲುಪ್ಪು ೭೫ ಪಾಲು, ಇದ್ದಲು ೧೫ ಪಾಲು, ಗಂಧಕ ೧೦ ಪಾಲು ಇರುತ್ತಿದ್ದುವು. ಇದರ ಪೆಟ್ಲುಪ್ಪಿಗಾಗಿ ಯೂರೋಪಿನ ವರ್ತಕರು ಬಿಹಾರದ ಮಣ್ಣನ್ನು ಆಶ್ರಯಿಸಿದ್ದರು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗವು ಅನಿಲವಾಗದೆ ಹೊಗೆಯಾಗಿಯೂ ಮಸಿಯಾಗಿಯೂ ಉಳಿಯುವುದು. ಕೆಲವು ಸುತ್ತು ಹಾರಿಸುವಷ್ಟರಲ್ಲಿ ರಣರಂಗವೆಲ್ಲ ಹೊಗೆಯಲ್ಲಿ ಮುಳುಗಿ, ನಳಿಗೆಯು ಕಿಟ್ಟಗಟ್ಟಿಹೋಗುತ್ತಿತ್ತು. ಈ ಮದ್ದಿನಲ್ಲಿ ವೇಗವನ್ನು ಹಿಡಿತಕ್ಕೆ ತರುವ ಉಪಾಯವೆಂದರೆ ಕಾಳಿನ ಗಾತ್ರ: ಪಿಸ್ತೂಲಿಗೆ ಸಣ್ಣ ಕಾಳು, ಫಿರಂಗಿಗೆ ದೊಡ್ಡ ಕಾಳು. ೧೮೬೦ರ ಸುಮಾರಿನಲ್ಲಿ ಅಮೆರಿಕದ ಸೈನ್ಯಾಧಿಕಾರಿ ಥಾಮಸ್ ರಾಡ್ಮನ್ ಎಂಬಾತನು ಇದರಲ್ಲಿ ಒಂದು ಹೆಜ್ಜೆ ಮುಂದೆ ಹೋದನು. ಗಟ್ಟಿ ಬಿಲ್ಲೆಯಂತೆ ಒತ್ತಿದ ಮದ್ದಿಗೆ ಅವನು ರಂಧ್ರಗಳನ್ನು ಕೊರೆಯಿಸಿದನು. ಬಿಲ್ಲೆಯ ಹೊರಮೈ ಉರಿದು ಕುಗ್ಗಿದಂತೆ ರಂಧ್ರಗಳ ಒಳಮೈ ಉರಿದು ಹಿಗ್ಗುವುದು. ಆದುದರಿಂದ ಉರಿಯುವ ಮೈ ಕಡಿಮೆಯಾಗದೆ ಅನಿಲದ ಒದಗಣೆ ಕೊನೆಯವರೆಗೂ ನಿಲ್ಲುವುದು. ಇಂದಿನ ರೈಫಲು ಮದ್ದಿನ ಅನೇಕ ಬಗೆಗಳಲ್ಲಿ, ಜೀರಿಗೆಯಷ್ಟು ಸಣ್ಣ ಕಡ್ಡಿಯೊಳಗೆ ಕೂದಲೆಳೆಯಂತೆ ಹಾದುಹೋಗುವ ರಂಧ್ರದಲ್ಲಿ, ರಾಡ್ಮನ್ನನ ಆಲೋಚನೆಯೇ ಬದುಕಿದೆ.

ನಮ್ಮ ಮೈಸೂರಿನ ಬಾಣಗಳೂ ಇದೇ ಪಾಠವನ್ನು ಇನ್ನೊಂದು ದಿಕ್ಕಿನಿಂದ ಹೇಳುವುವು. ಹೈದರಾಲಿ, ಟಿಪ್ಪು ಸುಲ್ತಾನರ ಸೈನ್ಯವು ೧೭೮೦ರ ಪೊಳ್ಳಿಲೂರು ಯುದ್ಧದಲ್ಲಿ ಪ್ರಯೋಗಿಸಿದ ಬೆಂಕಿಬಾಣಗಳಲ್ಲಿ ಮದ್ದನ್ನು ತುಂಬುತ್ತಿದ್ದುದು ಕಬ್ಬಿಣದ ಕೊಳವೆಯಲ್ಲಿ. ಕೋವಿಯ ಮದ್ದು ಕ್ಷಣಾರ್ಧದಲ್ಲಿ ಮುಗಿಯಬೇಕು. ಬಾಣದ ಮದ್ದಾದರೋ ಹಾರಾಟದಲ್ಲಿ ಸ್ವಲ್ಪ ಕಾಲ ಉರಿದು ನೂಕುತ್ತಿರಬೇಕು. ಬಿದಿರಿಗಿಂತಲೂ ಕಾಗದಕ್ಕಿಂತಲೂ ಹೆಚ್ಚು ಒತ್ತಡವನ್ನು ಕಬ್ಬಿಣವು ತಾಳಿಕೊಂಡುದರಿಂದ ಬಾಣವು ದೂರ ಹೋಗುವುದು ಸಾಧ್ಯವಾಯಿತು. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರಿಂದ ಇಂಥ ಸಾವಿರಕ್ಕೆ ಮೇಲ್ಪಟ್ಟ ಬಾಣಗಳನ್ನು ಹೊರತೆಗೆದರು. ಮದ್ದಿನ ನಡತೆಯು ಅದನ್ನು ಬಂಧಿಸಿರುವ ಪಾತ್ರೆಯನ್ನು ಅವಲಂಬಿಸಿದೆ ಎಂಬ ಅರಿವು ಅವನ್ನು ತಯಾರಿಸಿದ ಕುಶಲಿಗಳಿಗೆ ಅನುಭವದಿಂದಲೇ ಇದ್ದಿರಬೇಕು.

ಹೊಗೆಯಿಲ್ಲದ ಮದ್ದಿನ ಕಥೆಯು ೧೮೪೫-೪೬ರಲ್ಲಿ ಆರಂಭವಾಗುವುದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಶ್ಯೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞನು ಹತ್ತಿಯನ್ನು ಗಂಧಕಾಮ್ಲ, ನೈಟ್ರಿಕ್ ಆಮ್ಲಗಳ ಮಿಶ್ರಣದಲ್ಲಿ ಅದ್ದಿ ತೆಗೆದಾಗ, ನೋಟಕ್ಕೆ ಹತ್ತಿಯಂತೆಯೇ ಇದ್ದು, ಕಿಡಿ ತಾಗಿದೊಡನೆ ಹೊಗೆಯಿಲ್ಲದೆ ಉರಿದುಹೋಗುವ ವಸ್ತುವೊಂದು ದೊರೆಯಿತು. ಕರಿಮದ್ದಿಗಿಂತ ಬಹು ಬಲವಾದ ಈ ಮದ್ದುಹತ್ತಿಯು ಯೂರೋಪಿನ ಸೈನ್ಯಗಳಿಗೆಲ್ಲ ವರದಂತೆ ತೋರಿತು. ಆದರೆ ೧೮೪೭ರಲ್ಲಿ ಇಂಗ್ಲೆಂಡಿನ ಫ್ಯಾವರ್ಷಾಮಿನಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಖಾನೆಯು ಸಿಡಿದು ಕೆಲಸಗಾರರು ಸತ್ತರು. ಕೋವಿಯಲ್ಲಿ ತುಂಬಿ ನೋಡಿದಾಗ ನಳಿಗೆಗಳು ಬಿರಿದುವು. ಬಲವೇನೋ ಇತ್ತು, ಲಯವಿರಲಿಲ್ಲ. ಹತ್ತಿಯ ಎಳೆಎಳೆಯ ನಡುವೆಯೂ ಬೆಂಕಿಗೆ ದಾರಿಯಿದ್ದುದರಿಂದ ಅದು ಪದರ ಪದರವಾಗಿ ಉರಿಯುವ ಬದಲು ಒಮ್ಮೆಗೇ ಸಿಡಿಯುತ್ತಿತ್ತು.

ಈ ಒಗಟನ್ನು ಬಿಡಿಸಲು ಸುಮಾರು ನಾಲ್ವತ್ತು ವರ್ಷಗಳು ಹಿಡಿದುವು. ೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಎಂಬಾತನು ಮದ್ದುಹತ್ತಿಯನ್ನು ಈಥರು ಮತ್ತು ಆಲ್ಕೊಹಾಲುಗಳಲ್ಲಿ ಕಲಸಿ, ಎಳೆಗಳೆಲ್ಲ ಕರಗಿ ಕಣಕದಂತೆ ಆದ ಮೇಲೆ ಲಟ್ಟಿಸಿ, ಒಣಗಿಸಿ, ಸಣ್ಣ ಬಿಲ್ಲೆಗಳಾಗಿ ಕತ್ತರಿಸಿದನು. ರಂಧ್ರಗಳೆಲ್ಲ ಮುಚ್ಚಿಹೋದ ಆ ಗಟ್ಟಿ ಬಿಲ್ಲೆಯು ಮೇಲ್ಮೈಯಿಂದ ಮಾತ್ರ ಉರಿಯತೊಡಗಿತು. ಬಿಲ್ಲೆಯ ದಪ್ಪವನ್ನು ಬದಲಾಯಿಸಿದರೆ ಉರಿಯ ಅವಧಿಯೂ ಬದಲಾಗುವುದು. ವಸ್ತುವಿನ ಬಲವನ್ನು ಕುಂದಿಸದೆ ಅದರ ವೇಗವನ್ನು ಮನುಷ್ಯನು ಮೊದಲ ಬಾರಿಗೆ ತನ್ನ ಇಷ್ಟದಂತೆ ಅಳೆದು ಕೊಟ್ಟದ್ದು ಆಗಲೇ. ೧೮೮೬ರಲ್ಲಿ ಫ್ರಾನ್ಸು ಈ ಮದ್ದಿಗಾಗಿಯೇ ಲೆಬೆಲ್ ರೈಫಲನ್ನು ಹೊರತಂದಿತು. ಮಿಕ್ಕ ದೇಶಗಳ ರೈಫಲುಗಳೆಲ್ಲ ಒಂದೇ ದಿನದಲ್ಲಿ ಹಳೆಯದಾದಂತೆ ಕಂಡುವು.

ಬ್ರಿಟನ್ನಿನಲ್ಲಿ ಏಬೆಲ್ ಮತ್ತು ದ್ಯೂವರ್ ಎಂಬ ವಿಜ್ಞಾನಿಗಳು ೧೮೮೯ರಲ್ಲಿ ಕಾರ್ಡೈಟು ಎಂಬ ಮದ್ದನ್ನು ರೂಪಿಸಿದರು. ಮದ್ದುಹತ್ತಿಗೆ ನೈಟ್ರೊಗ್ಲಿಸರಿನನ್ನೂ ಸ್ವಲ್ಪ ವ್ಯಾಸಲೀನನ್ನೂ ಸೇರಿಸಿ, ಅಸಿಟೋನಿನಲ್ಲಿ ನಾದಿ, ನಮ್ಮ ಮನೆಗಳಲ್ಲಿ ಶಾವಿಗೆಯನ್ನು ಒತ್ತುವಂತೆ ಒತ್ತಿ ಎಳೆಗಳಾಗಿ ತೆಗೆಯುತ್ತಿದ್ದರು. ಬಲದಲ್ಲಿ ಇದಕ್ಕೆ ಕೊರತೆಯಿರಲಿಲ್ಲ. ಆದರೆ ೧೮೮೮ರಲ್ಲಿ ಅಂಗೀಕರಿಸಿದ್ದ ಲೀ-ಮೆಟ್ಫರ್ಡ್ ರೈಫಲಿನ ನಳಿಗೆಯೊಳಗಿನ ಸುರುಳಿಗೀರುಗಳನ್ನು ಕರಿಮದ್ದಿನ ಕಿಟ್ಟ ಹಿಡಿಯದಂತೆ ಆಳವಿಲ್ಲದೆ, ಅಂಚುಗಳು ಗುಂಡಾಗಿರುವಂತೆ ಮಾಡಿದ್ದರು. ಕಾರ್ಡೈಟಿನ ಉಗ್ರವಾದ ಶಾಖಕ್ಕೆ ಆ ಗೀರುಗಳು ಬೇಗನೆ ಸವೆದುಹೋದುವು. ೧೮೯೫ರಲ್ಲಿ ಆಳವಾದ ಗೀರುಗಳುಳ್ಳ ಲೀ-ಎನ್‌ಫೀಲ್ಡ್ ರೈಫಲು ಬಂದಿತು; ನಮ್ಮ ದೇಶದ ಪೊಲೀಸರ ಕೈಯಲ್ಲಿ ಬಹುಕಾಲ ಕಾಣುತ್ತಿದ್ದುದು ಈ ವಂಶದ ರೈಫಲೇ. ಅನಂತರ ಮದ್ದನ್ನೂ ತಿದ್ದಿ, ನೈಟ್ರೊಗ್ಲಿಸರಿನಿನ ಪಾಲನ್ನು ನೂರಕ್ಕೆ ೫೮ರಿಂದ ೩೦ಕ್ಕೆ ಇಳಿಸಿದರು. ಬಲವನ್ನು ಕಡಿಮೆಮಾಡಿ ಗುಣವನ್ನು ಹೆಚ್ಚಿಸಿಕೊಂಡುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಮೈಸೂರಿನ ಗಡಿಗೆ ಸಮೀಪವಾದ ನೀಲಗಿರಿಯ ಅರುವಂಕಾಡಿನಲ್ಲಿ ೨೦ನೆಯ ಶತಮಾನದ ಆರಂಭದಲ್ಲಿ ಸ್ಥಾಪಿತವಾದ ಕಾರ್ಡೈಟು ಕಾರ್ಖಾನೆಯು ಇಂದಿಗೂ ಕೆಲಸಮಾಡುತ್ತಿದೆ. ಊಟಿಗೆ ಹೋಗುವ ಬೆಟ್ಟದ ರೈಲು ಆ ಊರನ್ನು ಹಾದೇ ಹೋಗುವುದು.

ಇಂದಿನ ಮದ್ದುಗಳಲ್ಲಿ ಆಕಾರದಿಂದ ಮೂರು ಮುಖ್ಯ ಪಂಗಡಗಳುಂಟು: ಕಡ್ಡಿ, ಬಿಲ್ಲೆ, ಗೋಲಿ. ಗೋಲಿಮದ್ದು ೧೯೩೦ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ರಾಗಿಯ ಕಾಳಿನಂತೆ ಉರುಳುವುದರಿಂದ ಅಳತೆಗೆ ಸುಲಭ, ತಯಾರಿಕೆಯೂ ಶೀಘ್ರ. ಆದರೆ ಉರುಟಾದ ಕಾಳು ಉರಿದಂತೆಲ್ಲ ಅದರ ಮೈ ಕುಗ್ಗುವುದು. ಈ ದೋಷವನ್ನು ನೀಗಲು ಕಾಳಿನ ಹೊರಪದರಕ್ಕೆ ಉರಿಯನ್ನು ತಡೆಯುವ ರಾಸಾಯನಿಕವನ್ನು ಊಡಿಸುವರು. ಆಗ ಆರಂಭದ ಉರಿ ಮಂದವಾಗಿ, ಮುಂದಿನ ಉರಿ ತೀವ್ರವಾಗುವುದು. ಮೂರು ಪಂಗಡಗಳಲ್ಲಿ ಇದು ಮೇಲು, ಇದು ಕೀಳು ಎಂದು ಹೇಳುವಂತಿಲ್ಲ. ಯಾವ ಕೋವಿಗೆ ಯಾವುದು ಎಂಬುದೊಂದೇ ಪ್ರಶ್ನೆ. ಆ ಪ್ರಶ್ನೆಯನ್ನು ಕೇಳದೆ ಹೋದುದರ ಫಲವನ್ನು ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಉಂಡರು.

ಯೂಜೀನ್ ಸ್ಟೋನರ್ ಎಂಬ ಕುಶಲಿಯು ರೂಪಿಸಿದ ಹಗುರವಾದ ರೈಫಲೊಂದನ್ನು ಅಮೆರಿಕದ ಸೈನ್ಯವು ಎಂ-೧೬ ಎಂಬ ಹೆಸರಿನಿಂದ ಸ್ವೀಕರಿಸಿತು. ಗುಂಡು ನಳಿಗೆಯಲ್ಲಿ ಹೋಗುತ್ತಿರುವಾಗ ಒಂದಿಷ್ಟು ಅನಿಲವನ್ನು ಸಣ್ಣ ರಂಧ್ರದ ಮೂಲಕ ಹಿಂದಕ್ಕೆ ಹಾಯಿಸಿ, ಅದರ ಬಲದಿಂದಲೇ ಖಾಲಿ ಚಿಪ್ಪನ್ನು ಹೊರಹಾಕಿ ಹೊಸ ತೋಟಾವನ್ನು ತುಂಬಿಕೊಳ್ಳುವುದು ಅದರ ಕ್ರಮ. ಈ ರೈಫಲನ್ನು ರೂಪಿಸಿ ಪರೀಕ್ಷಿಸಿದುದು ಕಡ್ಡಿಮದ್ದಿನ ತೋಟಾಗಳಿಂದ. ಆದರೆ ಗುಂಡಿಗೆ ಸೆಕೆಂಡಿಗೆ ೩೨೫೦ ಅಡಿಯ ವೇಗ ಬೇಕೆಂದು ಸೈನ್ಯವು ವಿಧಿಸಿತು. ಒತ್ತಡದ ಮೇರೆಯನ್ನು ಮೀರದೆ ಆ ವೇಗವನ್ನು ಕಡ್ಡಿಮದ್ದಿನಿಂದ ರಾಶಿಗಟ್ಟಲೆಯ ತಯಾರಿಕೆಯಲ್ಲಿ ಸಾಧಿಸುವುದು ಕಷ್ಟವಾಯಿತು. ೧೯೬೪ರಲ್ಲಿ ಗೋಲಿಮದ್ದನ್ನು ಬಳಸಲು ಅನುಮತಿಯಾಯಿತು. ಅದೇ ಗೋಲಿಮದ್ದು ಇನ್ನೊಂದು ದೊಡ್ಡ ತೋಟಾದಲ್ಲಿ ಚೆನ್ನಾಗಿ ಕೆಲಸಮಾಡಿ ಹೆಸರು ಪಡೆದಿದ್ದಿತು.

ಗುಂಡಿನ ವೇಗವು ಬೇಕಾದಷ್ಟು ಬಂದಿತು. ನಳಿಗೆಯ ಬುಡದಲ್ಲಿ ಒತ್ತಡವೂ ಮೇರೆಯೊಳಗಿದ್ದಿತು. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಗುಂಡು ಅನಿಲದ ರಂಧ್ರವನ್ನು ದಾಟುವ ಹೊತ್ತಿಗೆ ಅಲ್ಲಿರುತ್ತಿದ್ದ ಒತ್ತಡವು ಮೊದಲಿಗಿಂತ ಹೆಚ್ಚಾಗಿದ್ದಿತು. ಯಂತ್ರಭಾಗಗಳು ತಮಗೆ ಗೊತ್ತುಮಾಡಿದ್ದಕ್ಕಿಂತ ರಭಸವಾಗಿ ಹಿಂದೆ ಮುಂದೆ ಓಡತೊಡಗಿದುವು. ಚಿಪ್ಪು ಇನ್ನೂ ಕೋಶದ ಗೋಡೆಗೆ ಬಿಗಿದಿರುವಾಗಲೇ ಅದನ್ನು ಕೊಕ್ಕೆಯು ಕಿತ್ತೆಳೆಯುವಂತಾಯಿತು. ಅಲ್ಲದೆ, ಮದ್ದಿನಲ್ಲಿ ಉಳಿಯುವ ಆಮ್ಲವನ್ನು ಶಮನಗೊಳಿಸಲೆಂದು ಸೇರಿಸಿದ್ದ ಸುಣ್ಣದ ಕಾರ್ಬೊನೇಟು ಅನಿಲದ ಸಣ್ಣ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತಿತ್ತು. ಇದರ ಮೇಲೆ, ತೋಟಾ ಕೂರುವ ಕೋಶಕ್ಕೆ ಕ್ರೋಮಿನ ಲೇಪವಿರಲಿಲ್ಲ. ಕೋವಿಯನ್ನು ತೊಳೆದಿಡುವ ಸಾಮಗ್ರಿಯೂ ಸೈನಿಕರಿಗೆ ಸಾಕಷ್ಟು ಒದಗಿರಲಿಲ್ಲ. ೧೯೬೬-೬೭ರಲ್ಲಿ, ಶತ್ರುವು ಎದುರಿಗೆ ಬಂದ ಸಮಯದಲ್ಲಿ ಕೋವಿಗಳು ಕಚ್ಚಿಕೊಂಡು ನಿಂತುವು. ಕಚ್ಚಿಕೊಂಡ ಕೋವಿಯ ಪಕ್ಕದಲ್ಲಿ ಸತ್ತುಬಿದ್ದ ತಮ್ಮ ಜೊತೆಗಾರರನ್ನು ಕುರಿತು ಸೈನಿಕರು ಊರಿಗೆ ಕಾಗದ ಬರೆದರು. ಆ ಕಾಗದಗಳು ಶಾಸನಸಭೆಯವರೆಗೆ ಹೋದುವು.

೧೯೬೭ರಲ್ಲಿ ರಿಚರ್ಡ್ ಐಕಾರ್ಡ್ ಎಂಬ ಸದಸ್ಯರ ಅಧ್ಯಕ್ಷತೆಯ ಉಪಸಮಿತಿಯು ವಿಚಾರಣೆ ನಡೆಸಿತು. ಹೊಸ ಮದ್ದಿನಿಂದ ರೈಫಲುಗಳು ಪರೀಕ್ಷೆಯಲ್ಲಿ ತೇರ್ಗಡೆಯಾಗಲಾರವೆಂದು ತಯಾರಕರು ತಿಳಿಸಿದಾಗ ಹಳೆಯ ಮದ್ದಿನಿಂದ ಪರೀಕ್ಷೆಮಾಡಲು ಅವರಿಗೆ ಅವಕಾಶ ಕೊಟ್ಟು, ರಣರಂಗಕ್ಕೆ ಹೊಸ ಮದ್ದಿನ ತೋಟಾಗಳನ್ನೇ ಕಳುಹಿಸುತ್ತಿದ್ದ ಸಂಗತಿಯು ಆಗ ಬೆಳಕಿಗೆ ಬಂದಿತು. ಮದ್ದಿನ ಬದಲಾವಣೆಗೆ ಪರೀಕ್ಷೆಗಳ ಆಧಾರವಿರಲಿಲ್ಲವೆಂದು ಉಪಸಮಿತಿಯು ಖಂಡಿಸಿತು. ಅನಂತರ ಯಂತ್ರಭಾಗಗಳ ಓಟವನ್ನು ತಗ್ಗಿಸಿದರು, ಕೋಶಕ್ಕೆ ಕ್ರೋಮಿನ ಲೇಪ ಕೊಟ್ಟರು, ಮದ್ದಿನಲ್ಲಿ ಸುಣ್ಣದ ಅಂಶವನ್ನು ಕಡಿಮೆಮಾಡಿದರು, ಶುಚಿಮಾಡುವ ಸಾಮಗ್ರಿಯನ್ನು ಹಂಚಿದರು, ರೈಫಲು ನೆಟ್ಟಗಾಯಿತು. ಗಮನಿಸಬೇಕಾದ ಅಂಶವೇನೆಂದರೆ, ಗೋಲಿಮದ್ದು ಕೆಟ್ಟ ಮದ್ದಾಗಿರಲಿಲ್ಲ. ರೈಫಲೂ ಕೆಟ್ಟ ರೈಫಲಾಗಿರಲಿಲ್ಲ. ಎರಡು ಒಳ್ಳೆಯ ವಸ್ತುಗಳನ್ನು ಜಾತಕ ನೋಡದೆ ಜೋಡಿಸಿದುದರಿಂದ ಅನರ್ಥವಾಯಿತು.

ಮನೆಯ ಮೇಜಿನ ಮೇಲೆ ತೋಟಾ ತುಂಬುವ ಗುರಿಕಾರನಿಗೂ ಇದೇ ನ್ಯಾಯ. ಎರಡನೆಯ ಮಹಾಯುದ್ಧದ ಗ್ಯಾರಂಡ್ ರೈಫಲಿನಲ್ಲಿ ಅನಿಲದ ರಂಧ್ರವು ನಳಿಗೆಯ ತುದಿಯ ಬಳಿ ಇರುವುದು. ಅದರಲ್ಲಿ ತೀರ ನಿಧಾನದ ಮದ್ದನ್ನು ತುಂಬಿದರೆ, ಅಲ್ಲಿಗೆ ಬರುವಾಗಲೂ ಒತ್ತಡವು ಇಳಿಯದೆ ಯಂತ್ರದ ಉದ್ದನೆಯ ಸರಳು ಬಾಗಿಹೋಗುವುದು. ಆದುದರಿಂದ ಬಲ್ಲವರು ಅದಕ್ಕೆ ಮಧ್ಯಮವೇಗದ ಮದ್ದನ್ನೇ ಹಾಕುವರು. ಕೈಯಿಂದ ಚಿಪ್ಪನ್ನು ತೆಗೆಯುವ ರೈಫಲಿಗೆ ಈ ಭಯವಿಲ್ಲ. ಸ್ಥೂಲವಾಗಿ ಹೇಳುವುದಾದರೆ, ದೊಡ್ಡ ಚಿಪ್ಪು, ಸಣ್ಣ ನಳಿಗೆ, ಭಾರವಾದ ಗುಂಡು, ಇವು ನಿಧಾನದ ಮದ್ದನ್ನು ಬೇಡುವುವು. ಸಣ್ಣ ಚಿಪ್ಪು, ಹಗುರವಾದ ಗುಂಡು, ಇವು ವೇಗದ ಮದ್ದನ್ನು ಬೇಡುವುವು. ಪಿಸ್ತೂಲಿನ ವೇಗದ ಮದ್ದನ್ನು ರೈಫಲಿನ ಚಿಪ್ಪಿಗೆ ತುಂಬಿದರೆ ಕೋವಿಯೇ ಒಡೆದು ಹಿಡಿದವನ ಕಣ್ಣು ಕೈಗಳಿಗೆ ಹಾನಿಯಾದೀತು. ಕೆಲವು ನಿಧಾನದ ಮದ್ದುಗಳನ್ನು ಹೇಳಿದುದಕ್ಕಿಂತ ಬಹಳ ಕಡಿಮೆ ತುಂಬುವುದೂ ಅಪಾಯವೆಂದು ತಯಾರಕರೇ ಎಚ್ಚರಿಸಿರುವರು. ಕಾಳಿನ ರೂಪ, ಬಣ್ಣಗಳನ್ನು ನೋಡಿ ಮದ್ದನ್ನು ಗುರುತಿಸಲಾಗದು. ಒಂದೇ ತೆರನಾಗಿ ಕಾಣುವ ಎರಡು ಮದ್ದುಗಳ ವೇಗದಲ್ಲಿ ಅಜಗಜಾಂತರವಿರಬಹುದು. ಆದುದರಿಂದ ತಯಾರಕರು ಪ್ರಕಟಿಸಿರುವ ಕೋಷ್ಟಕವೇ ಪ್ರಮಾಣ. ಅದರಲ್ಲಿಯೂ ಕೆಳಗಿನ ಅಳತೆಯಿಂದ ಆರಂಭಿಸಬೇಕು. ಹೆಸರುಪಟ್ಟಿ ಕಳೆದುಹೋದ ಡಬ್ಬಿಯ ಮದ್ದನ್ನು ಉಪಯೋಗಿಸಲೇಕೂಡದು.

ಇನ್ನೊಂದು ವಿಷಯವನ್ನು ಹೇಳದೆ ಬಿಡುವಂತಿಲ್ಲ. ಅದು ಮದ್ದಿನ ಆಯುಸ್ಸು. ಮದ್ದುಹತ್ತಿಯಿಂದಾದ ಪದಾರ್ಥವು ಡಬ್ಬಿಯಲ್ಲಿದ್ದರೂ ನಿಧಾನವಾಗಿ ಕೆಡುತ್ತಲೇ ಇರುವುದು. ಕೆಡುವಾಗ ಹುಟ್ಟುವ ಆಮ್ಲವು ಇನ್ನಷ್ಟು ಕೆಡಿಸುವುದು. ಸೆಕೆಯು ಇದಕ್ಕೆ ನೆರವಾಗುವುದು. ಫ್ರಾನ್ಸಿನ ತೂಲೋನ್ ಬಂದರಿನಲ್ಲಿ ೧೯೦೭ರಲ್ಲಿ ಇಯೆನಾ ಎಂಬ ಯುದ್ಧನೌಕೆಯೂ, ೧೯೧೧ರಲ್ಲಿ ಲಿಬೆರ್ತೆ ಎಂಬ ಯುದ್ಧನೌಕೆಯೂ ಶತ್ರುವಿನ ಒಂದು ಗುಂಡೂ ಇಲ್ಲದೆ ತಮ್ಮ ಉಗ್ರಾಣದ ಮದ್ದಿನಿಂದಲೇ ಸಿಡಿದು ನೂರಾರು ನಾವಿಕರು ಮಡಿದರು. ಆಮ್ಲವನ್ನು ಹೀರಿಕೊಳ್ಳುವ ಡೈಫಿನೈಲಮೈನಿನಂಥ ದ್ರವ್ಯವನ್ನು ಇಂದಿನ ಮದ್ದುಗಳಿಗೆ ಬೆರೆಸುವುದರಿಂದ ಅವು ಬಹುಕಾಲ ಬಾಳುವುವು. ಆದರೂ ತಂಪಾದ, ಒಣಗಿದ ಸ್ಥಳದಲ್ಲಿ, ಮೂಲ ಡಬ್ಬಿಯಲ್ಲಿಯೇ ಇಡಬೇಕು. ಡಬ್ಬಿಯನ್ನು ತೆರೆದಾಗ ಘಾಟು ವಾಸನೆಯೋ ಕೆಂಪುಛಾಯೆಯ ಹೊಗೆಯೋ ಕಂಡರೆ ಅದರ ಕಾಲ ತೀರಿತೆಂದು ತಿಳಿಯಬೇಕು. ನಮ್ಮ ದೇಶದ ಬೇಸಿಗೆಯಲ್ಲಿ ಇದನ್ನು ಮರೆಯತಕ್ಕದ್ದಲ್ಲ. ಬಿಸಿಲಿನಲ್ಲಿ ಕಾದ ತೋಟಾದ ಒತ್ತಡವು ಶೀತದೇಶದಲ್ಲಿ ಅಳೆದುದಕ್ಕಿಂತ ಹೆಚ್ಚಾಗಿರುವುದು.

ಕರಿಮದ್ದಿನ ಕಾಲದಿಂದ ಇಂದಿನವರೆಗೆ ಈ ಶಾಸ್ತ್ರದಲ್ಲಿ ನಡೆದ ಮುನ್ನಡೆಯನ್ನು ಒಟ್ಟಾಗಿ ನೋಡಿದರೆ, ಹೆಚ್ಚು ಬಲಕ್ಕಾಗಿ ನಡೆದ ಹುಡುಕಾಟವು ಅದರಲ್ಲಿ ಸಣ್ಣ ಭಾಗವೆಂದೂ, ಇದ್ದ ಬಲವನ್ನು ತಡೆದು, ಹದಮಾಡಿ, ಹೊತ್ತಿಗೆ ಸರಿಯಾಗಿ ಒದಗಿಸುವ ಹುಡುಕಾಟವೇ ದೊಡ್ಡ ಭಾಗವೆಂದೂ ಕಂಡುಬರುವುದು. ಯಾವುದು ಅತ್ಯಂತ ಬಲವಾದ ಮದ್ದು ಎಂದು ಯಾರಾದರೂ ಕೇಳಿದರೆ, ಯಾವ ಕೋವಿಗೆ, ಯಾವ ಗುಂಡಿಗೆ ಎಂದು ಮರುಪ್ರಶ್ನೆ ಹಾಕುವುದೇ ಸರಿಯಾದ ಉತ್ತರ. ಆ ಮರುಪ್ರಶ್ನೆಯನ್ನು ಅಧಿಕಾರಸ್ಥಾನದಲ್ಲಿದ್ದವರು ಹಾಕದೆ ಬಿಟ್ಟಾಗ ಅದರ ಬೆಲೆಯನ್ನು ತೆತ್ತವರು ಅವರಲ್ಲ. ದೂರದ ಕಾಡಿನಲ್ಲಿ ಕೋವಿ ಹಿಡಿದು ನಿಂತಿದ್ದ ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗರು.